ಮನೆಯಲ್ಲಿ ಕಟ್ಟುವ ಆಂಪ್ಲಿಫೈಯರ್‌ಗೆ ಟೊರಾಯ್ಡ್ ಕೋರ್ ಆರಿಸುವ ಕ್ರಮ

ಹಗಲಿನಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಆಂಪ್ಲಿಫೈಯರ್ ರಾತ್ರಿ ಹನ್ನೊಂದರ ಮೇಲೆ ಗುಂಯ್‌ಗುಡಲು ತೊಡಗಿದರೆ, ದೋಷವನ್ನು ಸರ್ಕ್ಯೂಟ್ ಬೋರ್ಡಿನಲ್ಲಿ ಹುಡುಕುವ ಮೊದಲು ಟ್ರಾನ್ಸ್‌ಫಾರ್ಮರ್ ಕಡೆಗೆ ನೋಡಬೇಕು. ನಾನು ಮೊದಲು ಕಟ್ಟಿದ ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲಿ ಹೀಗೆಯೇ ಆಗಿತ್ತು. ಗ್ರೌಂಡ್ ಲೂಪ್ ಇರಬಹುದೆಂದು ವೈರಿಂಗನ್ನು ಎರಡು ಬಾರಿ ಬಿಚ್ಚಿ ಕಟ್ಟಿದೆ, ಫಿಲ್ಟರ್ ಕೆಪ್ಯಾಸಿಟರ್‌ಗಳನ್ನು ಬದಲಿಸಿದೆ. ಸದ್ದು ಹಾಗೆಯೇ ಉಳಿಯಿತು. ಕೊನೆಗೊಂದು ರಾತ್ರಿ ಗೋಡೆಯ ಸಾಕೆಟ್ಟಿನ ವೋಲ್ಟೇಜ್ ಅಳೆದಾಗ ಮೀಟರ್ 256 ವೋಲ್ಟ್ ತೋರಿಸಿತು. ಅದೇ ದಿನ ಸಂಜೆ ಏಳಕ್ಕೆ ಅಲ್ಲಿ 218 ಇತ್ತು. ಸದ್ದು ಬರುತ್ತಿದ್ದುದು ಟ್ರಾನ್ಸ್‌ಫಾರ್ಮರ್‌ನ ಮೈಯಿಂದಲೇ. ಅದನ್ನು ಸುತ್ತಿಕೊಟ್ಟವರು ಪ್ರೈಮರಿಗೆ, ಅಂದರೆ ಗೋಡೆಯ ವಿದ್ಯುತ್ತಿಗೆ ಸೇರುವ ಸುರುಳಿಗೆ, ಎಷ್ಟು ಸುತ್ತು ಬೇಕೆಂಬ ಲೆಕ್ಕವನ್ನು 220 ವೋಲ್ಟಿಗೆ ಹಾಕಿ, ಕಬ್ಬಿಣವನ್ನು ಅದರ ಮಿತಿಯ ಅಂಚಿನಲ್ಲಿ ನಿಲ್ಲಿಸಿದ್ದರು. ವೋಲ್ಟೇಜ್ ಏರಿದೊಡನೆ ಕೋರ್, ಅಂದರೆ ಸುರುಳಿಯೊಳಗಿನ ಆ ಕಬ್ಬಿಣ, ಸ್ಯಾಚುರೇಟ್ ಆಗುತ್ತಿತ್ತು; ಇನ್ನಷ್ಟು ಕಾಂತತ್ವ ಹಿಡಿಯಲಾರದೆ ಹೋಗುತ್ತಿತ್ತು.

ಆದ್ದರಿಂದ ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದೇ ವಿಷಯವನ್ನು: ಕೋರನ್ನು ಅದರ ಮೇಲೆ ಬರೆದ ವಿಎ (ವೋಲ್ಟ್-ಆಂಪಿಯರ್, ಅದು ಹೊರಬಲ್ಲ ಹೊರೆ) ನೋಡಿ ಆರಿಸಬಾರದು, ಅದರ ಕಬ್ಬಿಣದ ಅಡ್ಡಕೊಯ್ತ ಎಷ್ಟು, ನಮ್ಮ ಮನೆಗೆ ಬರುವ ಅತಿ ಹೆಚ್ಚಿನ ವೋಲ್ಟೇಜಿನಲ್ಲಿ ಆ ಕಬ್ಬಿಣ ಎಷ್ಟು ಟೆಸ್ಲಾದಲ್ಲಿ (ಕಾಂತಕ್ಷೇತ್ರದ ಸಾಂದ್ರತೆಯ ಅಳತೆ) ನಿಲ್ಲುತ್ತದೆ, ನಡುವಿನ ತೂತಿನಲ್ಲಿ ತಾಮ್ರಕ್ಕೆ ಎಷ್ಟು ಜಾಗವಿದೆ ಎಂಬ ಮೂರನ್ನು ಲೆಕ್ಕ ಹಾಕಿ ಆರಿಸಬೇಕು. ಲೆಕ್ಕ ಕಷ್ಟದ್ದಲ್ಲ. ವರ್ನಿಯರ್, ತಕ್ಕಡಿ, ಮಲ್ಟಿಮೀಟರ್ ಇದ್ದರೆ ಸಾಕು.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ನೇರವಾಗಿ ಮೇನ್ಸ್ ವಿದ್ಯುತ್ತಿಗೆ ಸೇರುವ ಭಾಗ. ಮೇನ್ಸ್‌ನ ಕೆಲಸ ಮಾಡಿ ಅಭ್ಯಾಸವಿಲ್ಲದವರು ಕೋರಿನ ಆಯ್ಕೆಯನ್ನೂ ಲೆಕ್ಕವನ್ನೂ ತಾವೇ ಮಾಡಿ, ಸುತ್ತುವ ಕೆಲಸವನ್ನು ಅನುಭವಿಗಳಿಗೆ ಒಪ್ಪಿಸುವುದು ಸರಿಯಾದ ದಾರಿ. ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋದರೆ ಅಂಗಡಿಯವರೂ ಅದೇ ಪ್ರಕಾರ ಸುತ್ತಿಕೊಡುತ್ತಾರೆ.

ಟೊರಾಯ್ಡ್ ಏಕೆ, ಅದರ ಗುಣದೋಷವೇನು

ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆಯ ಆಕಾರದ ಕಬ್ಬಿಣದ ಉಂಗುರವೇ ಟೊರಾಯ್ಡ್ ಕೋರ್. 1831ರಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಕೊಂಡದ್ದೂ ಇಂಥದೇ ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ಸುತ್ತಿ. ಇಂದಿನ ಕೋರ್ ಮಾತ್ರ ಗಟ್ಟಿ ಕಬ್ಬಿಣದ್ದಲ್ಲ. ಸುಮಾರು 0.27 ಅಥವಾ 0.30 ಮಿಲಿಮೀಟರ್ ದಪ್ಪದ ಸಿಲಿಕಾನ್ ಉಕ್ಕಿನ ಉದ್ದ ಪಟ್ಟಿಯನ್ನು ಗಡಿಯಾರದ ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿ, ಬಳಿಕ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ನಿಧಾನವಾಗಿ ಆರಿಸಿ ಅದನ್ನು ತಯಾರಿಸುತ್ತಾರೆ. ಈ ಉಕ್ಕನ್ನು ವ್ಯಾಪಾರದಲ್ಲಿ ಸಿಆರ್‌ಜಿಒ ಎನ್ನುತ್ತಾರೆ. ಅದರ ಹರಳುಗಳು ರೋಲ್ ಮಾಡಿದ ದಿಕ್ಕಿಗೆ ಸಾಲಾಗಿ ನಿಂತಿರುವುದರಿಂದ ಆ ದಿಕ್ಕಿನಲ್ಲಿ ಕಾಂತತ್ವ ಬಹು ಸುಲಭವಾಗಿ ಹರಿಯುತ್ತದೆ. ಈ ವಿಧಾನಕ್ಕೆ ಅಮೆರಿಕದ ನಾರ್ಮನ್ ಗಾಸ್ ಅವರು 1934ರಲ್ಲಿ ಪೇಟೆಂಟ್ ಪಡೆದರು. ಇಂಗ್ಲಿಷಿನ E, I ಅಕ್ಷರಗಳ ಆಕಾರದ ತಗಡುಗಳನ್ನು ಜೋಡಿಸಿದ ಇಐ ಮಾದರಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಕಾಂತತ್ವದ ದಾರಿಯ ಒಂದು ಪಾಲು ಈ ದಿಕ್ಕಿಗೆ ಅಡ್ಡವಾಗಿ ಹೋಗುತ್ತದೆ, ತಗಡುಗಳು ಕೂಡುವಲ್ಲಿ ಸಣ್ಣ ಗಾಳಿಸಂದುಗಳೂ ಇರುತ್ತವೆ. ಉಂಗುರದಲ್ಲಿ ಎರಡೂ ಇಲ್ಲ. ಆದ್ದರಿಂದಲೇ ಅದು ಹಗುರ, ತಂಪು, ಕಾಂತಕ್ಷೇತ್ರ ಹೊರಗೆ ಸೋರುವುದೂ ಬಹಳ ಕಡಿಮೆ. ಫೋನೋ ಪ್ರೀಆಂಪ್ಲಿಫೈಯರನ್ನು ಅದೇ ಪೆಟ್ಟಿಗೆಯಲ್ಲಿ ಇಡಬೇಕೆನ್ನುವವರಿಗೆ ಈ ಕೊನೆಯ ಗುಣವೇ ಮುಖ್ಯ.

ಗಾಳಿಸಂದು ಇಲ್ಲದಿರುವುದೇ ಅದರ ದೌರ್ಬಲ್ಯವೂ ಹೌದು. ಇಐ ಕೋರ್ ಸ್ಯಾಚುರೇಶನ್ನಿನ ಕಡೆಗೆ ನಿಧಾನವಾಗಿ ಬಾಗಿದರೆ ಟೊರಾಯ್ಡ್ ಒಮ್ಮೆಲೇ ಬೀಳುತ್ತದೆ. ಮೇನ್ಸ್‌ನಲ್ಲಿ ಅರ್ಧ ವೋಲ್ಟ್‌ನಷ್ಟು ಡಿಸಿ ಸೇರಿದರೂ ಅದು ಗುರುಗುಟ್ಟುತ್ತದೆ, ಸ್ವಿಚ್ ಹಾಕಿದ ಕ್ಷಣದಲ್ಲಿ ಭಾರಿ ಪ್ರವಾಹ ಎಳೆಯುತ್ತದೆ. ಈ ಸ್ವಭಾವವನ್ನು ತಿಳಿದು ಆರಿಸಿದರೆ ಇದಕ್ಕಿಂತ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಮನೆಯ ಆಂಪ್ಲಿಫೈಯರ್‌ಗೆ ಬೇರೊಂದಿಲ್ಲ.

ಮೊದಲ ಹೆಜ್ಜೆ: ಆಂಪ್ಲಿಫೈಯರ್ ಏನು ಕೇಳುತ್ತದೆ

ಉದಾಹರಣೆಗೆ, 8 ಓಮ್ ಸ್ಪೀಕರಿಗೆ ಪ್ರತಿ ಚಾನೆಲ್ಲಿಗೆ 50 ವ್ಯಾಟ್ ಕೊಡುವ ಕ್ಲಾಸ್ ಎಬಿ ಸ್ಟೀರಿಯೊ ಆಂಪ್ಲಿಫೈಯರ್ ತೆಗೆದುಕೊಳ್ಳೋಣ. ಮುಂದಿನ ಎಲ್ಲ ಲೆಕ್ಕವೂ ಇದರದೇ. 50 ವ್ಯಾಟಿಗೆ ಸ್ಪೀಕರಿನ ತುದಿಯಲ್ಲಿ 28.3 ವೋಲ್ಟ್ ಶಿಖರ ವೋಲ್ಟೇಜ್ ಬೇಕು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ 3–4 ವೋಲ್ಟ್, ರಿಪ್ಪಲ್‌ನಲ್ಲಿ (ಡಿಸಿಯಲ್ಲಿ ಉಳಿಯುವ ಏರಿಳಿತದಲ್ಲಿ) ಸುಮಾರು 2 ವೋಲ್ಟ್ ಹೋಗುತ್ತದೆ. ಹಾಗಾದರೆ ಪೂರ್ಣ ಹೊರೆಯಲ್ಲಿ ಪ್ಲಸ್ ಮತ್ತು ಮೈನಸ್ ರೈಲುಗಳು, ಅಂದರೆ ಡಿಸಿ ಪೂರೈಕೆಯ ಎರಡು ಸಾಲುಗಳು, ತಲಾ 34 ವೋಲ್ಟ್‌ನ ಹತ್ತಿರ ಇರಬೇಕಾಗುತ್ತದೆ. ಪೂರ್ಣ ಹೊರೆಯಲ್ಲಿ 25-0-25 ವೋಲ್ಟ್ (ನಡುವಿನಿಂದ ಎರಡೂ ಕಡೆ ತಲಾ 25) ಕೊಡುವ ಸೆಕೆಂಡರಿ, ಅಂದರೆ ಹೊರಕೊಡುವ ಸುರುಳಿ, ಇದಕ್ಕೆ ಸರಿಹೋಗುತ್ತದೆ.

ಇನ್ನು ಪ್ರವಾಹ. ಶಿಖರ ಪ್ರವಾಹ 3.54 ಆಂಪಿಯರ್; ಸೈನ್ ಅಲೆಯಲ್ಲಿ ಪ್ರತಿ ರೈಲಿನಿಂದ ಒಂದು ಚಾನೆಲ್ ಎಳೆಯುವ ಸರಾಸರಿ ಅದನ್ನು 3.14ರಿಂದ ಭಾಗಿಸಿದಷ್ಟು, ಅಂದರೆ 1.13 ಆಂಪಿಯರ್. ಎರಡು ಚಾನೆಲ್ಲಿಗೆ 2.25 ಆಂಪಿಯರ್. ಇಲ್ಲಿ ಹಲವರು ಎಡವುತ್ತಾರೆ: ಡಿಸಿ ಪ್ರವಾಹ 2.25 ಆಂಪಿಯರ್ ಆದರೆ ಸೆಕೆಂಡರಿಯಲ್ಲೂ ಅಷ್ಟೇ ಹರಿಯುತ್ತದೆಂದು ಭಾವಿಸುತ್ತಾರೆ. ಬ್ರಿಜ್ ರೆಕ್ಟಿಫೈಯರ್‌ನ ಹಿಂದೆ ದೊಡ್ಡ ಕೆಪ್ಯಾಸಿಟರ್ ಇದ್ದಾಗ, ಅಲೆಯ ತುದಿಯಲ್ಲಿ ಮಾತ್ರ, ಕಿರಿದಾದ ತುಂಡುಗಳಲ್ಲಿ ಪ್ರವಾಹ ಹರಿಯುತ್ತದೆ; ಅದರ ಆರ್‌ಎಂಎಸ್ ಬೆಲೆ ಡಿಸಿಯ 1.6ರಿಂದ 1.8 ಪಟ್ಟು ಇರುತ್ತದೆ. ತಂತಿಯನ್ನು ಬಿಸಿ ಮಾಡುವುದು ಈ ಆರ್‌ಎಂಎಸ್ ಬೆಲೆ. ಆದ್ದರಿಂದ ನಮ್ಮ ಸೆಕೆಂಡರಿಯಲ್ಲಿ ಸುಮಾರು 4 ಆಂಪಿಯರ್, ಒಟ್ಟು 50 ವೋಲ್ಟಿಗೆ 200 ವಿಎ.

ಇದು ಎರಡೂ ಚಾನೆಲ್‌ಗಳು ನಿರಂತರವಾಗಿ ಪೂರ್ಣ ಸೈನ್ ಅಲೆ ಹೊರಡಿಸಿದಾಗಿನ ಮಾತು. ಸಂಗೀತದ ಸರಾಸರಿ ಶಕ್ತಿ ಅದಕ್ಕಿಂತ ಬಹಳ ಕಡಿಮೆ ಇರುವುದರಿಂದ 200 ವಿಎ ಸಾಕಾಗುತ್ತದೆ. ಆದರೂ 300 ವಿಎ ಕೋರನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ: ರೈಲುಗಳು ಕಡಿಮೆ ಕುಸಿಯುತ್ತವೆ, 4 ಓಮ್ ಸ್ಪೀಕರ್ ಸೇರಿಸಿದರೂ ಗಾಬರಿಯಿಲ್ಲ. ಅದಕ್ಕೂ ಮೇಲೆ, 600 ವಿಎ, 1000 ವಿಎ ಎಂದು ಹೋಗುವುದರಲ್ಲಿ ಕಿವಿಗೆ ತಿಳಿಯುವ ಲಾಭವಿಲ್ಲ; ಸ್ವಿಚ್ ಹಾಕಿದಾಗಿನ ಹೊಡೆತ ಮಾತ್ರ ಹೆಚ್ಚುತ್ತದೆ. ಕ್ಲಾಸ್ ಎ ಆಂಪ್ಲಿಫೈಯರ್ ಕಟ್ಟುವವರಿಗೆ ಈ ರಿಯಾಯಿತಿ ಇಲ್ಲ. ಅದು ಸಂಗೀತ ಇರಲಿ ಬಿಡಲಿ ಒಂದೇ ಸಮನೆ ಎಳೆಯುವುದರಿಂದ, ಅದು ಸುಡುವ ವ್ಯಾಟ್‌ನ ಎರಡರಷ್ಟು ವಿಎ ಇಟ್ಟುಕೊಳ್ಳಬೇಕು; ಎರಡು ಚಾನೆಲ್ ಸೇರಿ 150 ವ್ಯಾಟ್ ಸುಡುವುದಾದರೆ 300 ವಿಎ.

ಎರಡನೆಯದು: ನಿಮ್ಮ ಮನೆಯ ವೋಲ್ಟೇಜ್ ಅಳೆಯಿರಿ

ನಮ್ಮ ದೇಶದ ಅಧಿಕೃತ ವೋಲ್ಟೇಜ್ 230, ಆವರ್ತನ 50 ಹರ್ಟ್ಸ್. ಶೇಕಡ 10ರ ಏರಿಳಿತ ಸೇರಿಸಿದರೆ 207ರಿಂದ 253. ಹಳ್ಳಿಗಳಲ್ಲಿ, ಟ್ರಾನ್ಸ್‌ಫಾರ್ಮರ್ ಕಂಬದ ಹತ್ತಿರದ ಮನೆಗಳಲ್ಲಿ, ಪಂಪ್‌ಸೆಟ್‌ಗಳು ನಿಂತ ಮೇಲೆ ಇದು ಇನ್ನೂ ಮೇಲೇರುವುದನ್ನು ನೀವೇ ನೋಡಿರುತ್ತೀರಿ. ಒಂದು ವಾರ, ದಿನಕ್ಕೆ ಮೂರು ಹೊತ್ತು ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಬೆಳಗಿನ ಜಾವದ್ದನ್ನು ಮರೆಯಬೇಡಿ. ಆ ಚೀಟಿಯ ಅತಿ ದೊಡ್ಡ ಅಂಕಿಯೇ ಕೋರನ್ನು ನಿರ್ಧರಿಸುತ್ತದೆ. ನಾನು 260 ಎಂದು ಹಿಡಿಯುತ್ತೇನೆ.

ಮೂರನೆಯದು: ಅಡ್ಡಕೊಯ್ತ ಮತ್ತು ಸುತ್ತುಗಳ ಲೆಕ್ಕ

ಕೋರಿಗೆ ಮೂರು ಅಳತೆಗಳು: ಹೊರವ್ಯಾಸ, ಒಳವ್ಯಾಸ, ಎತ್ತರ. ಅಂಗಡಿಯಲ್ಲಿ ಹೀಗೆ ಮೂರು ಅಂಕಿ ಹೇಳಿ ಕೇಳಬೇಕು. ನಮ್ಮ ಉದಾಹರಣೆಗೆ 120, 70, 45 ಮಿಲಿಮೀಟರ್‌ನ ಕೋರ್ ತೆಗೆದುಕೊಳ್ಳೋಣ. ಹೊರವ್ಯಾಸದಿಂದ ಒಳವ್ಯಾಸ ಕಳೆದು ಅರ್ಧ ಮಾಡಿದರೆ ಗೋಡೆಯ ದಪ್ಪ 25. ಅದನ್ನು ಎತ್ತರದಿಂದ ಗುಣಿಸಿದರೆ 1125 ಚದರ ಮಿಲಿಮೀಟರ್, ಅಂದರೆ 11.25 ಚದರ ಸೆಂಟಿಮೀಟರ್. ಪಟ್ಟಿಗಳ ಮೇಲಿನ ಲೇಪನ ಮತ್ತು ಸಂದುಗಳಿಗೆಂದು ಶೇಕಡ 5 ಬಿಟ್ಟರೆ ನಿಜವಾದ ಕಬ್ಬಿಣ 10.7 ಚದರ ಸೆಂಟಿಮೀಟರ್.

ಈಗ ಮುಖ್ಯ ಸೂತ್ರ. 50 ಹರ್ಟ್ಸ್‌ನಲ್ಲಿ, 45 ಎಂಬ ಸಂಖ್ಯೆಯನ್ನು ಟೆಸ್ಲಾ ಮತ್ತು ಚದರ ಸೆಂಟಿಮೀಟರ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಒಂದು ವೋಲ್ಟಿಗೆ ಎಷ್ಟು ಸುತ್ತು ಬೇಕೆಂಬುದು ಸಿಗುತ್ತದೆ. ಉಳಿದದ್ದೆಲ್ಲ ಟೆಸ್ಲಾ ಎಷ್ಟು ಇಡಬೇಕೆಂಬ ನಿರ್ಧಾರ. ಸಿಆರ್‌ಜಿಒ ಉಕ್ಕು ಪೂರ್ತಿ ಸ್ಯಾಚುರೇಟ್ ಆಗುವುದು ಸುಮಾರು 2 ಟೆಸ್ಲಾದಲ್ಲಿ; 1.7 ದಾಟಿದ ಮೇಲೆ ಮ್ಯಾಗ್ನಟೈಸಿಂಗ್ (ಕೋರನ್ನು ಕಾಂತವಾಗಿಸಲಷ್ಟೇ ಎಳೆಯುವ) ಪ್ರವಾಹ ಜಿಗಿಯಲು ತೊಡಗುತ್ತದೆ. ಸಾಮಾನ್ಯ ಬಳಕೆಯ ಟೊರಾಯ್ಡ್‌ಗಳನ್ನು 1.6 ಟೆಸ್ಲಾಗೆ ಸುತ್ತುವುದು ವಾಡಿಕೆ. ಆ ಲೆಕ್ಕದಲ್ಲಿ ನಮ್ಮ ಕೋರಿಗೆ 230 ವೋಲ್ಟಿಗೆ ಸುಮಾರು 605 ಸುತ್ತು ಸಾಕು, ಆದರೆ 260 ವೋಲ್ಟ್ ಬಂದ ರಾತ್ರಿ ಅದು 1.81 ಟೆಸ್ಲಾದಲ್ಲಿ ನಿಂತು ನರಳುತ್ತದೆ. ಆಡಿಯೊಗೆ ನಾನು 230 ವೋಲ್ಟಿನಲ್ಲಿ 1.2 ಟೆಸ್ಲಾ ಮೀರುವುದಿಲ್ಲ. ಆಗ ವೋಲ್ಟಿಗೆ 3.51 ಸುತ್ತು, 230ಕ್ಕೆ 807 ಸುತ್ತು. 260 ವೋಲ್ಟ್ ಬಂದರೂ 1.36 ಟೆಸ್ಲಾ. ಇದಕ್ಕೆ ತೆರುವ ಬೆಲೆ ಇಷ್ಟೇ: ಮೂರನೇ ಒಂದು ಪಾಲು ಹೆಚ್ಚು ಸುತ್ತು, ಸ್ವಲ್ಪ ಹೆಚ್ಚು ತಾಮ್ರ. ರಾತ್ರಿ ಸದ್ದಿಲ್ಲದ ಕೋಣೆಯಲ್ಲಿ ತಂಬೂರಿಯ ಶ್ರುತಿಯೊಂದನ್ನೇ ಕೇಳುತ್ತ ಕುಳಿತವರಿಗೆ ಆ ಬೆಲೆ ಹೆಚ್ಚೆನಿಸದು.

ಮನೆಯಲ್ಲಿ ಹಳೆಯ ಸ್ಕ್ವೇರ್ ವೇವ್ ಇನ್‌ವರ್ಟರ್ ಇದ್ದವರು ಇನ್ನೊಂದು ಅಂಶ ಗಮನಿಸಬೇಕು. ಆರ್‌ಎಂಎಸ್ 230 ವೋಲ್ಟೇ ಆಗಿದ್ದರೂ ಚೌಕ ಅಲೆಯಲ್ಲಿ ಕೋರಿನ ಟೆಸ್ಲಾ ಸೈನ್ ಅಲೆಗಿಂತ ಶೇಕಡ 11 ಹೆಚ್ಚಿರುತ್ತದೆ. ಶಿಖರ ವೋಲ್ಟೇಜ್ ಮಾತ್ರ 325ರಿಂದ 230ಕ್ಕೆ ಇಳಿಯುವುದರಿಂದ ಆಂಪ್ಲಿಫೈಯರಿನ ರೈಲುಗಳು ಬಿದ್ದುಹೋಗುತ್ತವೆ. ಕರೆಂಟ್ ಹೋದಾಗ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವುದೂ ಧ್ವನಿ ಬೇಗ ಒಡೆಯುವುದೂ ಒಟ್ಟಿಗೇ ಆಗುವುದು ಇದೇ ಕಾರಣಕ್ಕೆ. 1.2 ಟೆಸ್ಲಾದ ಕೋರ್ ಮೊದಲನೆಯದನ್ನು ತಡೆದುಕೊಳ್ಳುತ್ತದೆ. ಎರಡನೆಯದಕ್ಕೆ ಸೈನ್ ವೇವ್ ಇನ್‌ವರ್ಟರ್ ಒಂದೇ ಪರಿಹಾರ.

ನಾಲ್ಕನೆಯದು: ತೂತಿನಲ್ಲಿ ತಾಮ್ರ ಹಿಡಿಯುತ್ತದೆಯೇ

ಕಬ್ಬಿಣ ಸಾಕಷ್ಟಿದ್ದು ನಡುವಿನ ತೂತು ಕಿರಿದಾದರೆ ಕೋರ್ ವ್ಯರ್ಥ. ಟೊರಾಯ್ಡ್ ಸುತ್ತುವಾಗ ಪ್ರತಿ ಸುತ್ತಿಗೂ ತಂತಿಯ ಲಾಳಿ ಆ ತೂತಿನಲ್ಲೇ ನುಸುಳಿ ಬರಬೇಕು; ನೇಕಾರರ ಲಾಳಿಯಂತೆಯೇ ಎರಡೂ ತುದಿಯಲ್ಲಿ ಕಚ್ಚು ಹಾಕಿದ ಮರದ ಪಟ್ಟಿಗೆ ತಂತಿ ಸುತ್ತಿಟ್ಟುಕೊಂಡು ಈ ಕೆಲಸ ಮಾಡುತ್ತಾರೆ. ಹಾಗಾಗಿ ಬರಿ ತಾಮ್ರದ ವಿಸ್ತೀರ್ಣ ತೂತಿನ ವಿಸ್ತೀರ್ಣದ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಿ.

ನಮ್ಮ ಲೆಕ್ಕ ನೋಡೋಣ. 300 ವಿಎಗೆ ಪ್ರೈಮರಿ ಪ್ರವಾಹ 1.3 ಆಂಪಿಯರ್, ಸೆಕೆಂಡರಿ 6 ಆಂಪಿಯರ್. ಚದರ ಮಿಲಿಮೀಟರಿಗೆ 2.5ರಿಂದ 3 ಆಂಪಿಯರ್ ಎಂಬ ಮಿತಿಯಲ್ಲಿ ಪ್ರೈಮರಿಗೆ 21 ಗೇಜ್, ಅಂದರೆ 0.81 ಮಿಲಿಮೀಟರ್ ತಂತಿ; ಸೆಕೆಂಡರಿಗೆ 16 ಗೇಜ್, 1.63 ಮಿಲಿಮೀಟರ್. ಹೊರೆ ಬಿದ್ದಾಗ ಶೇಕಡ 6ರಷ್ಟು ವೋಲ್ಟೇಜ್ ಕುಸಿಯುತ್ತದೆಂದು ಹಿಡಿದು, ಹೊರೆಯಿಲ್ಲದಾಗ 26.5 ವೋಲ್ಟ್ ಬರುವಂತೆ ಪ್ರತಿ ಸೆಕೆಂಡರಿಗೆ 93 ಸುತ್ತು. ಪ್ರೈಮರಿಯ ತಾಮ್ರ 807 ಸುತ್ತಿಗೆ 419 ಚದರ ಮಿಲಿಮೀಟರ್, ಎರಡು ಸೆಕೆಂಡರಿಗಳದ್ದು 387, ಒಟ್ಟು 806. 70 ಮಿಲಿಮೀಟರ್ ತೂತಿನ ವಿಸ್ತೀರ್ಣ 3848. ಶೇಕಡ 21 ಆಯಿತು. ಇನ್ಸುಲೇಶನ್ ಎಲ್ಲ ಸೇರಿ ಸುತ್ತಿ ಮುಗಿಸಿದಾಗ ನಡುವೆ 45 ಮಿಲಿಮೀಟರ್‌ನಷ್ಟು ತೂತು ಉಳಿಯುತ್ತದೆ. ಕೈಯಲ್ಲಿ ಸುತ್ತುವವರಿಗೆ ಇದು ಧಾರಾಳ. ಪ್ರೈಮರಿಗೆ ಸುಮಾರು 125 ಮೀಟರ್, ಸೆಕೆಂಡರಿಗಳಿಗೆ ಒಟ್ಟು 35 ಮೀಟರ್ ತಂತಿ, ತೂಕದಲ್ಲಿ ಎರಡೂ ಸೇರಿ ಸುಮಾರು 1.2 ಕಿಲೋ. ತಂತಿಯನ್ನು ತೂಕದ ಲೆಕ್ಕದಲ್ಲೇ ಮಾರುವುದರಿಂದ ಈ ಅಂಕಿ ಕೈಯಲ್ಲಿರಲಿ, ಕೊಂಚ ಹೆಚ್ಚೇ ಕೊಳ್ಳಿ. ಪ್ರೈಮರಿಯ ನಡುವೆ ಜೋಡಣೆ ಬರಬಾರದು.

ಈ ಸೆಕೆಂಡರಿಯಿಂದ ಹೊರೆಯಿಲ್ಲದಾಗ ರೈಲು 37 ವೋಲ್ಟ್, ಮೇನ್ಸ್ 260 ಆದಾಗ 42 ವೋಲ್ಟ್ ತಲುಪುತ್ತದೆ. ಹಾಗಾಗಿ ಫಿಲ್ಟರ್ ಕೆಪ್ಯಾಸಿಟರ್‌ಗಳು 63 ವೋಲ್ಟಿನವೇ ಆಗಿರಲಿ. ಪ್ರತಿ ರೈಲಿಗೆ 10,000 ಮೈಕ್ರೋಫ್ಯಾರಡ್ ಇದ್ದರೆ ಪೂರ್ಣ ಹೊರೆಯಲ್ಲಿ ನಾವು ಹಿಡಿದ 2 ವೋಲ್ಟ್ ರಿಪ್ಪಲ್‌ಗೆ ಸರಿಹೊಂದುತ್ತದೆ.

ಐದನೆಯದು: ಅಂಗಡಿಯಲ್ಲಿ ಕೋರನ್ನು ನೋಡುವುದು

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಉಂಗುರದಾಕಾರದ ಕೋರ್‌ಗಳು ಬಗೆಬಗೆಯವು ಸಿಗುತ್ತವೆ, ಎಲ್ಲವೂ ನಮಗೆ ಬೇಕಾದವಲ್ಲ. ಕಪ್ಪಾದ, ಪಿಂಗಾಣಿಯಂತೆ ಒಡೆಯುವ ಉಂಗುರ ಫೆರೈಟ್, ಅದು 0.4 ಟೆಸ್ಲಾ ಆಸುಪಾಸಿನಲ್ಲೇ ಸ್ಯಾಚುರೇಟ್ ಆಗುತ್ತದೆ. ಹಳದಿ ಮೈಗೆ ಒಂದು ಬದಿ ಬಿಳಿ ಬಣ್ಣ ಬಳಿದದ್ದು ಕಂಪ್ಯೂಟರ್ ಪವರ್ ಸಪ್ಲೈನಲ್ಲಿ ಚೋಕಿಗೆ ಬಳಸುವ ಕಬ್ಬಿಣದ ಪುಡಿಯ ಕೋರ್. ಇವೆರಡನ್ನೂ 50 ಹರ್ಟ್ಸ್ ಮೇನ್ಸಿಗೆ ಸುತ್ತಲಾಗದು. ಕರೆಂಟ್ ಟ್ರಾನ್ಸ್‌ಫಾರ್ಮರ್‌ನಿಂದ ತೆಗೆದ ಉಂಗುರಗಳು ಸಿಆರ್‌ಜಿಒ ಆಗಿರುವುದುಂಟು, ಆದರೆ ಅವುಗಳ ಗೋಡೆ ತೆಳ್ಳಗೆ, ತೂತು ದೊಡ್ಡದು; ಅಡ್ಡಕೊಯ್ತ ಸಾಕಾಗುವುದು ಅಪರೂಪ. ಹಳೆಯ ವೇರಿಯಾಕ್ (ಗುಂಡಿ ತಿರುಗಿಸಿ ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಮತ್ತು ಸರ್ವೋ ಸ್ಟೆಬಿಲೈಸರ್‌ಗಳ ಕೋರ್ ಸಿಕ್ಕರೆ ಬಿಡಬೇಡಿ. ಮೇನ್ಸಿಗೆಂದೇ ಮಾಡಿದ, ದಪ್ಪ ಗೋಡೆಯ ಸಿಆರ್‌ಜಿಒ ಅದು.

ಹೊಸ ಕೋರ್ ಕೊಳ್ಳುವಾಗ ಮೊದಲು ಮೇಲ್ಮೈ ನೋಡಿ. ಪಟ್ಟಿಯ ಅಂಚುಗಳು ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಒಂದೇ ಸಮನಾಗಿ, ಒತ್ತೊತ್ತಾಗಿ ಕಾಣಬೇಕು. ಬೆರಳಾಡಿಸಿದಾಗ ಒಂದೆಡೆ ಉಬ್ಬು, ಒಂದೆಡೆ ತಗ್ಗು ಸಿಕ್ಕರೆ, ನಡುವೆ ತುಕ್ಕಿನ ಕಂದು ಗೆರೆ ಕಂಡರೆ, ಅಥವಾ ಪಟ್ಟಿ ಹಲವು ಕಡೆ ತುಂಡುತುಂಡಾಗಿ ಬೆಸೆದದ್ದು ಕಂಡರೆ ಅದು ಹಳೆಯ ಟ್ರಾನ್ಸ್‌ಫಾರ್ಮರ್‌ನ ತಗಡನ್ನು ಸೀಳಿ ಮಾಡಿದ್ದಿರಬಹುದು. ಒಂದು ಪದರವನ್ನು ಉಗುರಿನಿಂದ ಎಬ್ಬಿಸಲು ನೋಡಿ. ಬಿಗಿಯಾದ ಕೋರಿನಲ್ಲಿ ಅದು ಅಲುಗುವುದಿಲ್ಲ. ಸಡಿಲ ಪದರವೇ ಮುಂದೆ 100 ಹರ್ಟ್ಸ್‌ನಲ್ಲಿ ಹಾಡುವುದು.

ಬಳಿಕ ತೂಕ. ಇದನ್ನು ಅಂಗಡಿಯಲ್ಲಿ ಯಾರೂ ಮಾಡುವುದಿಲ್ಲ, ಆದರೆ ಕೋರಿನ ಒಳಗುಟ್ಟು ಹೇಳುವುದು ತಕ್ಕಡಿಯೇ. ನಮ್ಮ ಕೋರಿನ ಸರಾಸರಿ ವ್ಯಾಸ 95 ಮಿಲಿಮೀಟರ್, ಸುತ್ತಳತೆ 298. ಅದನ್ನು 1125 ಚದರ ಮಿಲಿಮೀಟರಿನಿಂದ ಗುಣಿಸಿದರೆ ಸುಮಾರು 336 ಘನ ಸೆಂಟಿಮೀಟರ್. ಸಿಲಿಕಾನ್ ಉಕ್ಕು ಘನ ಸೆಂಟಿಮೀಟರಿಗೆ 7.65 ಗ್ರಾಂ. ಸಂದೇ ಇಲ್ಲದಿದ್ದರೆ 2.57 ಕಿಲೋ ತೂಗಬೇಕು. ಶೇಕಡ 95 ತುಂಬಿದ ಒಳ್ಳೆಯ ಕೋರ್ 2.44 ಕಿಲೋ ತೂಗುತ್ತದೆ. 2.3ಕ್ಕಿಂತ ಕಡಿಮೆ ಬಂದರೆ ಒಳಗೆ ಗಾಳಿ ಹೆಚ್ಚಿದೆ, ಬಿಟ್ಟುಬಿಡಿ. ಕೊಂಡ ಕೋರನ್ನು ಮನೆಗೆ ತರುವಾಗ ಬಟ್ಟೆಯಲ್ಲಿ ಸುತ್ತಿ ತನ್ನಿ. ಕಾಯಿಸಿ ಹದಗೊಳಿಸಿದ ಉಕ್ಕು ಬಿದ್ದರೆ, ಸುತ್ತಿಗೆಯ ಪೆಟ್ಟು ತಿಂದರೆ ಅದರ ಕಾಂತೀಯ ಗುಣ ಕೆಡುತ್ತದೆ. ಹೊರನೋಟಕ್ಕೆ ಏನೂ ಆಗಿರುವುದಿಲ್ಲ.

ಆರನೆಯದು: 50 ಸುತ್ತಿನ ಪರೀಕ್ಷೆ

ಸುತ್ತಲು ತೊಡಗುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ಅರ್ಧ ಗಂಟೆಯ ಕೆಲಸ, ಮಾಡದಿದ್ದರೆ ಎರಡು ದಿನದ ಸುತ್ತುವಿಕೆ ನೀರಿನಲ್ಲಿ ಹೋಮ. ಕೋರಿನ ಮೇಲೆ ಕಾಟನ್ ಟೇಪ್ ಸುತ್ತಿ, ಪ್ಲಾಸ್ಟಿಕ್ ಹೊದಿಕೆಯ ಸಾಧಾರಣ ವೈರನ್ನು ಉಂಗುರದ ಉದ್ದಕ್ಕೂ ಹರಡಿ 50 ಸುತ್ತು ಹಾಕಿ. ಎರಡು ಆಂಪಿಯರ್‌ನ 12-0-12 ಟ್ರಾನ್ಸ್‌ಫಾರ್ಮರ್ ಒಂದರ ಎರಡು ಹೊರ ತುದಿಗಳಿಂದ 24 ವೋಲ್ಟ್ ತೆಗೆದು, ಆ ಟ್ರಾನ್ಸ್‌ಫಾರ್ಮರನ್ನು ವೇರಿಯಾಕ್ ಮೂಲಕ ನಡೆಸಿ. ಕೋರಿನ ಸುರುಳಿಗೆ ಸರಣಿಯಲ್ಲಿ ಎಸಿ ಆಂಪಿಯರ್ ಮೀಟರ್, ಅಡ್ಡಲಾಗಿ ವೋಲ್ಟ್‌ಮೀಟರ್. ಕೋರನ್ನು ನೇರವಾಗಿ ಮೇನ್ಸಿಗೆ ಸೇರಿಸಲೇಬಾರದು.

ನಮ್ಮ ಕೋರಿನಲ್ಲಿ 50 ಸುತ್ತಿಗೆ 14.2 ವೋಲ್ಟ್ ಎಂದರೆ 1.2 ಟೆಸ್ಲಾ, 19 ವೋಲ್ಟ್ ಎಂದರೆ 1.6, 21.4 ಎಂದರೆ 1.8. ವೋಲ್ಟೇಜನ್ನು ಎರಡೆರಡು ವೋಲ್ಟ್ ಏರಿಸುತ್ತ ಪ್ರವಾಹ ಬರೆದುಕೊಳ್ಳಿ. ಒಳ್ಳೆಯ ಕೋರಿನಲ್ಲಿ 14 ವೋಲ್ಟಿನವರೆಗೂ ಪ್ರವಾಹ ನೂರು-ಇನ್ನೂರು ಮಿಲಿಆಂಪಿಯರ್ ಒಳಗೆ ಇದ್ದು ಮೆಲ್ಲನೆ ಏರುತ್ತದೆ. 18–19ರ ಮೇಲೆ ಒಂದೊಂದು ವೋಲ್ಟಿಗೂ ಅದು ಇಮ್ಮಡಿಯಾಗುವಂತೆ ಜಿಗಿಯತೊಡಗುತ್ತದೆ. ಆ ಜಿಗಿತ ಎಲ್ಲಿ ಆರಂಭವಾಗುತ್ತದೆ ಎಂಬುದು ನಮಗೆ ಬೇಕಾದ ಮಾಹಿತಿ. 12 ವೋಲ್ಟಿನಲ್ಲೇ ಜಿಗಿದರೆ ಕೋರಿನ ಉಕ್ಕು ಕಳಪೆ, ಅಥವಾ ಅದನ್ನು ಕಾಯಿಸಿಲ್ಲ. ಅಂಥದನ್ನು ವಾಪಸ್ ಕೊಡಲಾಗದಿದ್ದರೆ 0.9 ಟೆಸ್ಲಾಗೆ ಲೆಕ್ಕ ಹಾಕಿ ಸಣ್ಣ ಆಂಪ್ಲಿಫೈಯರ್‌ಗೆ ಬಳಸಬಹುದು.

ಹಳೆಯ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಸಿಕ್ಕವರಿಗೆ ಕೆಲಸ ಇನ್ನೂ ಸುಲಭ. ಪ್ರೈಮರಿ ಗಟ್ಟಿಮುಟ್ಟಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು ಹೊರಗಿನ ಸೆಕೆಂಡರಿಯನ್ನಷ್ಟೇ ಬಿಚ್ಚಿ, ಹತ್ತು ಸುತ್ತು ಹಾಕಿ ಎಷ್ಟು ವೋಲ್ಟ್ ಬರುತ್ತದೆಂದು ಅಳೆದರೆ ವೋಲ್ಟಿಗೆ ಎಷ್ಟು ಸುತ್ತು ಎಂಬುದು ತಿಳಿಯುತ್ತದೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಟೆಸ್ಲಾ ಕೂಡ. 1.4ಕ್ಕಿಂತ ಹೆಚ್ಚು ಬಂದರೆ ಆಡಿಯೊಗೆ ಬೇಡ.

ಸುತ್ತಿಸುವಾಗ ಹೇಳಬೇಕಾದದ್ದು

ಕೋರಿನ ಚೂಪಾದ ಅಂಚುಗಳು ತಂತಿಯ ಎನಾಮಲ್ ಕೆರೆಯದಂತೆ ಮೊದಲು ಅಂಚಿನ ಮೇಲೆ ಲೆದರಾಯ್ಡ್ ಕಾಗದದ ಬಳೆ ಇಟ್ಟು ಟೇಪ್ ಸುತ್ತಬೇಕು. ಪ್ರೈಮರಿಯ ಪ್ರತಿ ಪದರ ಉಂಗುರದ ಪೂರ್ತಿ ಸುತ್ತ ಸಮನಾಗಿ ಹರಡಿರಬೇಕು. ಒಂದೇ ಬದಿಗೆ ಒತ್ತರಿಸಿದರೆ ಟೊರಾಯ್ಡಿನ ಸೋರಿಕೆಯಿಲ್ಲದ ಗುಣವೇ ಹೋಗುತ್ತದೆ. ಪ್ರೈಮರಿಗೂ ಸೆಕೆಂಡರಿಗೂ ನಡುವೆ ಪಾಲಿಯೆಸ್ಟರ್ ಫಿಲ್ಮ್ ಟೇಪನ್ನು ಅರ್ಧರ್ಧ ಮೇಲೆ ಬರುವಂತೆ ಕನಿಷ್ಠ ಮೂರು ಪದರ ಹಾಕಿಸಿ. ಇದರಲ್ಲಿ ಉಳಿತಾಯ ಮಾಡುವ ಮಾತೇ ಬೇಡ, ಆಂಪ್ಲಿಫೈಯರಿನ ವಾಲ್ಯೂಮ್ ನಾಬ್ ಮುಟ್ಟುವ ಬೆರಳಿಗೂ ಮೇನ್ಸಿಗೂ ನಡುವೆ ಇರುವುದು ಈ ಟೇಪ್. ಎರಡು ಸೆಕೆಂಡರಿಗಳನ್ನು ಎರಡು ತಂತಿ ಜೊತೆಗೆ ಹಿಡಿದು ಒಟ್ಟಿಗೆ ಸುತ್ತಿದರೆ ಎರಡೂ ರೈಲು ಸರಿಸಮನಾಗಿ ಬರುತ್ತವೆ. ಮುಗಿದ ಮೇಲೆ 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಶನ್ ಅಳೆಯುವ ಮೀಟರ್) ಪ್ರೈಮರಿ, ಸೆಕೆಂಡರಿ, ಕೋರ್ ಮೂರರ ನಡುವೆಯೂ ಪರೀಕ್ಷಿಸಿ.

ಕೂರಿಸುವುದು ಮತ್ತು ಮೊದಲ ಚಾಲನೆ

ನಡುವಿನ ತೂತಿನಲ್ಲಿ ಒಂದು ಬೋಲ್ಟ್ ಹಾಕಿ, ಮೇಲೆ ಬಟ್ಟಲಿನಂಥ ತಟ್ಟೆ ಇಟ್ಟು, ಮೇಲೂ ಕೆಳಗೂ ರಬ್ಬರ್ ಹಾಳೆಯೊಂದಿಗೆ ಕೂರಿಸುವುದು ರೂಢಿ. ಆ ಬೋಲ್ಟಿನ ಮೇಲಿನ ತುದಿ ಪೆಟ್ಟಿಗೆಯ ಮುಚ್ಚಳವನ್ನು ಎಂದಿಗೂ ತಾಗಬಾರದು. ತಾಗಿದರೆ ತಳದ ತಗಡು, ಬೋಲ್ಟ್, ಮುಚ್ಚಳ ಸೇರಿ ಕೋರಿನ ಸುತ್ತ ಒಂದು ಶಾರ್ಟ್ ಆದ ಸುತ್ತು ಆಗುತ್ತದೆ. ಒಂದು ಸುತ್ತಿಗೆ ಬರುವುದು 0.28 ವೋಲ್ಟ್ ಮಾತ್ರವಾದರೂ ಆ ದಾರಿಯ ರೋಧ ಮಿಲಿಓಮ್‌ಗಳಲ್ಲಿ ಇರುವುದರಿಂದ ನೂರಾರು ಆಂಪಿಯರ್ ಹರಿಯಬಹುದು. ಮುಚ್ಚಳಕ್ಕೂ ಬೋಲ್ಟಿಗೂ ನಡುವೆ ಒಂದು ಬೆರಳಿನಷ್ಟಾದರೂ ಜಾಗ ಬಿಡಿ. ಪೆಟ್ಟಿಗೆಗೆ ಅರ್ಥ್ ತಂತಿ ಕಡ್ಡಾಯ.

ಮೊದಲ ಬಾರಿ ಚಾಲನೆ ಕೊಡುವುದು ಸೀರೀಸ್ ಬಲ್ಬಿನ ಮೂಲಕ, ಸೆಕೆಂಡರಿಗೆ ಏನನ್ನೂ ಸೇರಿಸದೆ. 60 ವ್ಯಾಟಿನ ಹಳೆಯ ತಂತಿಬಲ್ಬ್ ಒಂದು ಕ್ಷಣ ಮಿನುಗಿ ಆರಬೇಕು. ಉರಿಯುತ್ತಲೇ ಇದ್ದರೆ ಸುತ್ತು ಶಾರ್ಟ್ ಆಗಿದೆ ಅಥವಾ ಲೆಕ್ಕ ತಪ್ಪಿದೆ. ಆರಿದರೆ ಬಲ್ಬ್ ತೆಗೆದು ಹೊರೆಯಿಲ್ಲದ ಪ್ರವಾಹ ಅಳೆಯಿರಿ. ನಮ್ಮ ಉದಾಹರಣೆಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಅದು 20 ಮಿಲಿಆಂಪಿಯರ್ ದಾಟಬಾರದು.

ಫ್ಯೂಸ್ ಸ್ಲೋಬ್ಲೋ (ಕ್ಷಣದ ಹೊಡೆತಕ್ಕೆ ಸುಡದ) ಮಾದರಿಯದೇ ಬೇಕು, ಈ ಗಾತ್ರಕ್ಕೆ 2 ಆಂಪಿಯರ್. 300 ವಿಎವರೆಗೆ ಅದರಿಂದಲೇ ನಿಭಾಯಿಸಬಹುದು, ಆದರೂ ಪ್ರೈಮರಿಗೆ ಸರಣಿಯಲ್ಲಿ, ಬಿಸಿಯಾದಂತೆ ರೋಧ ಇಳಿಯುವ 10 ಓಮ್‌ನ ಎನ್‌ಟಿಸಿ ಥರ್ಮಿಸ್ಟರ್ ಹಾಕುವುದು ಒಳ್ಳೆಯದು. ಅದಕ್ಕಿಂತ ದೊಡ್ಡ ಕೋರಿಗೆ, ಒಂದು ರೆಸಿಸ್ಟರ್ ಮೂಲಕ ಚಾಲನೆ ಕೊಟ್ಟು ಒಂದು ಸೆಕೆಂಡಿನ ನಂತರ ರಿಲೇ ಅದನ್ನು ದಾಟಿಸುವ ಸಾಫ್ಟ್ ಸ್ಟಾರ್ಟ್ ಬೇಕೇ ಬೇಕು.

ಇಷ್ಟೆಲ್ಲ ಆದ ಮೇಲೂ ಆಗಾಗ ಮಾತ್ರ ಗುರುಗುಟ್ಟಿದರೆ ಮನೆಯಲ್ಲಿ ಆ ಹೊತ್ತಿಗೆ ಏನು ನಡೆಯುತ್ತಿದೆ ನೋಡಿ. ಅರ್ಧ ವೇಗದಲ್ಲಿ ಓಡುವ ಹೇರ್ ಡ್ರೈಯರ್ ಡಯೋಡ್ ಮೂಲಕ ಅರ್ಧ ಅಲೆಯನ್ನಷ್ಟೇ ಎಳೆದು ಲೈನಿನಲ್ಲಿ ಡಿಸಿ ಉಂಟುಮಾಡುತ್ತದೆ. ಸರಿಯಿಲ್ಲದ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಕೂಡ ಹಾಗೆಯೇ. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿ, ಅವುಗಳಿಗೆ ಅಡ್ಡಲಾಗಿ ಎರಡೂ ದಿಕ್ಕಿಗೆ ಎರಡೆರಡು ಡಯೋಡ್ ಹಾಕಿ ಪ್ರೈಮರಿಗೆ ಸರಣಿಯಲ್ಲಿ ಸೇರಿಸಿದರೆ ಈ ಡಿಸಿ ಒಳಗೆ ಬರುವುದಿಲ್ಲ. ನಮ್ಮ ಗಾತ್ರಕ್ಕೆ ತಲಾ 10,000 ಮೈಕ್ರೋಫ್ಯಾರಡ್ ಸಾಕು.

ಕೊನೆಯ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಿ. ಬೋಲ್ಟನ್ನು ಟ್ರಾನ್ಸ್‌ಫಾರ್ಮರ್ ಕೈಯಲ್ಲಿ ತಿರುಗುವಷ್ಟು ಸಡಿಲವಾಗಿ ಬಿಟ್ಟು, ಆಂಪ್ಲಿಫೈಯರ್ ಚಾಲೂ ಮಾಡಿ, ಇನ್‌ಪುಟ್ ಶಾರ್ಟ್ ಮಾಡಿ, ಸ್ಪೀಕರಿಗೆ ಕಿವಿ ಹಚ್ಚಿ ಕೇಳಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಟೊರಾಯ್ಡನ್ನು ಒಂದಿಷ್ಟು ತಿರುಗಿಸಿ, ಮತ್ತೆ ಕೇಳಿ. ತಂತಿಗಳು ಹೊರಬರುವ ಕಡೆಯಲ್ಲೇ ಕ್ಷೇತ್ರ ಹೆಚ್ಚು ಸೋರುವುದರಿಂದ ಯಾವುದೋ ಒಂದು ಕೋನದಲ್ಲಿ ಸ್ಪೀಕರಿನ ಹಮ್ ತಗ್ಗಿ ಕೇಳಿಸದಂತಾಗುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಬೋಲ್ಟ್ ಬಿಗಿಮಾಡಿ; ರಬ್ಬರ್ ಸ್ವಲ್ಪ ಒತ್ತಿಕೊಂಡರೆ ಸಾಕು, ಕೋರನ್ನು ಹಿಂಡುವಷ್ಟು ಬೇಡ.